ಕೈಗೆ ಪಟ್ಟಿ, ಕಣ್ಣಿಗೆ ಕಡಲು

“ಎಂತಾ ನೋವಾಗೂದಿಲ್ಲ ತಮಾ, ಇರುವೆ ಕಚ್ಚಿದ ಹಾಗೆ, ಅಷ್ಟೇ.”

ಮೊಮ್ಮಗನಿಗೆ ನಾನು ಹೇಳಿದ ಈ ಮಾತು ಸುಳ್ಳೆಂದು ನನಗೆ ಮೊದಲೇ ಗೊತ್ತಿತ್ತು. ಎರಡೇ ನಿಮಿಷದಲ್ಲಿ ಅವನಿಗೂ ಗೊತ್ತಾಯಿತು.

ಮೇ ತಿಂಗಳ ರಜೆ. ಕಾರವಾರದಲ್ಲಿರುವ ಮಗಳ ಮಗ, ಹತ್ತು ವರ್ಷದವ, ಅಂಕೋಲಾದ ನಮ್ಮ ಮನೆಗೆ ಬಂದಿದ್ದ. ಕರಿ ಈಶಾಡು ಮಾವಿನಹಣ್ಣಿನ ಕಾಲ. ಅಡುಗೆಮನೆಯಲ್ಲಿ ಅವನ ಅಜ್ಜಿ ಅನ್ನ ಬಸಿಯುತ್ತಿದ್ದಳು. ಹಣ್ಣಿನ ಬುಟ್ಟಿಯ ಕಡೆ ಓಡಿದ ಹುಡುಗ ಅವಳಿಗೆ ಡಿಕ್ಕಿ ಹೊಡೆದ. ಕುದಿಯುವ ಗಂಜಿತಿಳಿ ಅವನ ಎಡ ಮುಂಗೈ ಮೇಲೆ ಚೆಲ್ಲಿತು.

ಕೂಡಲೇ ಅವನ ಕೈಯನ್ನು ನಲ್ಲಿಯ ಕೆಳಗೆ ಹಿಡಿದೆವು. ಪೂರ್ತಿ ಇಪ್ಪತ್ತು ನಿಮಿಷ ನೀರು ಬಿಟ್ಟೆವು. ಟೂತ್‌ಪೇಸ್ಟ್ ಹಚ್ಚಿ ಎಂದು ಒಬ್ಬರು, ಶಾಯಿ ಹಾಕಿ ಎಂದು ಇನ್ನೊಬ್ಬರು ಹೇಳಿದರು. ಎರಡನ್ನೂ ಮಾಡದೆ ದವಾಖಾನೆಗೆ ಹೊರಟೆವು. ಅಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಸರಿಯೇ ಇತ್ತು. ತಪ್ಪಿದ್ದು ಆಮೇಲೆ.

ಗಾಯ ಬಹಳ ಆಳವಿಲ್ಲ, ಆದರೆ ಎರಡು ವಾರ ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಆಗಬೇಕು ಎಂದರು ವೈದ್ಯರು. ಮೊದಲ ಡ್ರೆಸ್ಸಿಂಗಿಗೆ ಹೋದಾಗಲೇ ನಾನು ಆ ಇರುವೆಯ ಸುಳ್ಳು ಹೇಳಿದ್ದು. ಗಾಯಕ್ಕೆ ಅಂಟಿದ ಪಟ್ಟಿಯನ್ನು ಬಿಡಿಸುವಾಗ ಅವನು ಕಿರುಚಿದ ಕಿರುಚಿಗೆ ಹೊರಗಿನ ಬೆಂಚಿನಲ್ಲಿ ಕೂತವರೂ ಎದ್ದು ನಿಂತರು. ಮೂರು ಮಂದಿ ಅವನನ್ನು ಒತ್ತಿ ಹಿಡಿದೆವು. ಹಿಡಿದವರಲ್ಲಿ ನಾನೂ ಒಬ್ಬ.

ಮನೆಗೆ ಬರುವ ದಾರಿಯಲ್ಲಿ ಅವನು ನನ್ನ ಹತ್ತಿರ ಮಾತಾಡಲಿಲ್ಲ. ಅಜ್ಜಿಯ ಹತ್ತಿರ ಮಾತ್ರ ಹೇಳಿದ: “ಅಜ್ಜ ಸುಳ್ಳು ಹೇಳ್ದ.”

ಎರಡನೇ ಡ್ರೆಸ್ಸಿಂಗಿನ ದಿನ ಬೆಳಿಗ್ಗೆ ತಿಂದ ದೋಸೆಯನ್ನು ವಾಂತಿ ಮಾಡಿಕೊಂಡ. ರಿಕ್ಷಾ ಬಂದಾಗ ಅಂಗಳದ ಗೇಟನ್ನು ಬಲಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ನಿಂತ. ನೋವು ಇನ್ನೂ ಒಂದು ತಾಸು ದೂರವಿತ್ತು. ಹೆದರಿಕೆ ಮಾತ್ರ ಮುಂಜಾನೆಯೇ ಬಂದು ಕೂತಿತ್ತು.

ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವ ನಾನು. ಇಷ್ಟಕ್ಕೆ ಏನೂ ಉಪಾಯವಿಲ್ಲವೇ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಹುಡುಕಿ ಓದುತ್ತಾ ಹೋದೆ. ಓದಿದ್ದು ನನ್ನನ್ನು ಅಮೆರಿಕದ ಸಿಯಾಟಲ್ ನಗರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಯಿತು.

ಸುಟ್ಟ ಗಾಯಕ್ಕೆ ಹಿಮದ ಊರು

ಸಿಯಾಟಲ್‌ನಲ್ಲಿ ಹಾರ್ಬರ್‌ವ್ಯೂ ಎಂಬ ದೊಡ್ಡ ಆಸ್ಪತ್ರೆಯಿದೆ. ಸುಟ್ಟ ಗಾಯದ ಚಿಕಿತ್ಸೆಗೆ ಅದು ಹೆಸರುವಾಸಿ. ಅಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ಮನಶ್ಶಾಸ್ತ್ರಜ್ಞರು, ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್, 1996ರ ಸುಮಾರಿಗೆ ಒಂದು ಪ್ರಶ್ನೆ ಕೇಳಿಕೊಂಡರು. ಬಲವಾದ ನೋವಿನ ಔಷಧ ಕೊಟ್ಟರೂ ಡ್ರೆಸ್ಸಿಂಗ್ ಹೊತ್ತಿನಲ್ಲಿ ರೋಗಿಗಳು ಒದ್ದಾಡುತ್ತಾರೆ. ಆ ಹೊತ್ತಿಗೆ ಅವರ ಮನಸ್ಸನ್ನು ಆ ಕೋಣೆಯಿಂದಲೇ ಹೊರಗೆ ಕಳುಹಿಸಿದರೆ ಹೇಗೆ?

ಅದಕ್ಕೆ ಅವರು ಹಿಡಿದದ್ದು ‘ವರ್ಚುವಲ್ ರಿಯಾಲಿಟಿ’ ಎಂಬ ತಂತ್ರಜ್ಞಾನವನ್ನು. ಚಿಕ್ಕದಾಗಿ ವಿಆರ್. ಕಣ್ಣು ಪೂರ್ತಿ ಮುಚ್ಚುವ ದೊಡ್ಡ ಕನ್ನಡಕ ಹಾಕಿಕೊಂಡರೆ ಒಳಗೊಂದು ಲೋಕ ಕಾಣುತ್ತದೆ. ತಲೆ ಎತ್ತಿದರೆ ಆ ಲೋಕದ ಆಕಾಶ, ತಗ್ಗಿಸಿದರೆ ಆ ಲೋಕದ ನೆಲ. ಆಸ್ಪತ್ರೆಯ ಕತ್ತರಿ, ಟ್ರೇ, ರಕ್ತದ ಬಟ್ಟೆ ಯಾವುದೂ ಕಾಣುವುದಿಲ್ಲ.

2000ನೇ ಇಸವಿಯಲ್ಲಿ ಅವರ ತಂಡ ಒಂದು ಪುಟ್ಟ ವರದಿ ಪ್ರಕಟಿಸಿತು. ಅದರಲ್ಲಿದ್ದದ್ದು 16 ಮತ್ತು 17 ವರ್ಷದ ಇಬ್ಬರು ಹುಡುಗರ ಕತೆ. ಇಬ್ಬರಿಗೂ ಸುಟ್ಟ ಗಾಯ. ಚಿಕಿತ್ಸೆಯ ಸ್ವಲ್ಪ ಹೊತ್ತು ಮಾಮೂಲಿ ವಿಡಿಯೊ ಗೇಮ್ ಆಡಿಸಿದರು, ಸ್ವಲ್ಪ ಹೊತ್ತು ವಿಆರ್ ಕನ್ನಡಕ ಹಾಕಿಸಿದರು. ಕನ್ನಡಕ ಹಾಕಿದ್ದಾಗ ನೋವು ಬಹಳ ಕಡಿಮೆ ಇತ್ತು ಎಂದರು ಹುಡುಗರು.

ಮುಂದೆ ಸುಟ್ಟ ಗಾಯದವರಿಗೆಂದೇ ಒಂದು ಲೋಕ ಕಟ್ಟಿದರು. ಅದರ ಹೆಸರು ‘ಸ್ನೋವರ್ಲ್ಡ್’, ಅಂದರೆ ಹಿಮಲೋಕ. ಬೆಂಕಿಯ ನೆನಪನ್ನು ಓಡಿಸಲು ಮಂಜಿಗಿಂತ ಒಳ್ಳೆಯದು ಏನಿದೆ? ಎರಡು ಕಡೆ ಹಿಮದ ಗೋಡೆ, ನಡುವೆ ಕಣಿವೆ. ಅದರೊಳಗೆ ರೋಗಿ ತೇಲುತ್ತಾ ಹೋಗುತ್ತಾನೆ. ಹಿಮದ ಮನುಷ್ಯರು, ಪೆಂಗ್ವಿನ್‌ಗಳು ಎದುರಾದಾಗ ಹಿಮದ ಉಂಡೆ ಎಸೆಯಬೇಕು. ಸುಮ್ಮನೆ ನೋಡುವ ಸಿನಿಮಾ ಅಲ್ಲ ಅದು. ಕೈಗೂ ತಲೆಗೂ ಕೆಲಸ ಇರುತ್ತದೆ.

ಇದು ರೋಗಿಯ ಭ್ರಮೆಯೇ ಅಥವಾ ನಿಜವಾಗಿಯೂ ಮಿದುಳಿನಲ್ಲಿ ಏನಾದರೂ ಆಗುತ್ತದೆಯೇ? 2004ರಲ್ಲಿ ಅದನ್ನೂ ಪರೀಕ್ಷಿಸಿದರು. ಆರೋಗ್ಯವಂತ ಸ್ವಯಂಸೇವಕರನ್ನು ಮಿದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ, ಚರ್ಮಕ್ಕೆ ತುಸು ನೋಯುವಷ್ಟು ಬಿಸಿ ತಾಗಿಸಿದರು. ಹಿಮಲೋಕದೊಳಗೆ ಇದ್ದಾಗ, ನೋವಿಗೆ ಸಂಬಂಧಿಸಿದ ಮಿದುಳಿನ ಐದು ಭಾಗಗಳಲ್ಲೂ ಚಟುವಟಿಕೆ ಇಳಿದಿತ್ತು. ಅಂದರೆ ಅವರು ನೋವು ಸಹಿಸಿಕೊಂಡು ಸುಮ್ಮನಿದ್ದದ್ದಲ್ಲ. ಅವರಿಗೆ ನೋವೇ ಕಡಿಮೆ ಆಗಿತ್ತು.

ನೋವಿಗೂ ಒಂದು ಟೋಲ್‌ಗೇಟು

ಮಕ್ಕಳೇ, ಇದು ಹೇಗೆ ಸಾಧ್ಯ ಎಂದು ಕೇಳುತ್ತೀರಾ? ನಿಮಗೆ ಗೊತ್ತಿರುವುದೇ. ಕಬಡ್ಡಿ ಆಡುವಾಗ ಮೊಣಕಾಲು ತರಚಿದ್ದು ಆಟ ಮುಗಿದ ಮೇಲೆ ಕಾಣುತ್ತದೆ. “ಅಯ್ಯೋ, ರಕ್ತ!” ಎಂದು ನೋಡಿದ ಕ್ಷಣದಿಂದ ಉರಿಯೂ ಶುರುವಾಗುತ್ತದೆ. ಗಾಯ ಮೊದಲೇ ಇತ್ತು. ನೋವು ನಿಮಗೆ ತಲುಪಿದ್ದು ಆಮೇಲೆ. ರಾತ್ರಿಯಿಡೀ ಯಕ್ಷಗಾನ ನೋಡಿದ ಅಜ್ಜನ ಕಾಲಿಗೆ ಎಷ್ಟು ಸೊಳ್ಳೆ ಕಚ್ಚಿದ್ದವು ಎಂದು ಅವರಿಗೆ ಗೊತ್ತಾಗುವುದು ಮಂಗಳ ಹಾಡಿದ ಮೇಲೆ.

1965ರಲ್ಲಿ ರೊನಾಲ್ಡ್ ಮೆಲ್‌ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಇದಕ್ಕೊಂದು ವಿವರಣೆ ಕೊಟ್ಟರು. ಗಾಯದಿಂದ ಹೊರಟ ಸುದ್ದಿ ನೇರವಾಗಿ ಮಿದುಳಿಗೆ ಹೋಗುವುದಿಲ್ಲ. ಬೆನ್ನುಹುರಿಯಲ್ಲಿ ಅದಕ್ಕೊಂದು ಗೇಟು ಇದೆ. ನಮ್ಮ ಹೆದ್ದಾರಿಯಲ್ಲಿ ಹಟ್ಟಿಕೇರಿಯ ಟೋಲ್‌ಗೇಟ್ ಇರುವ ಹಾಗೆ. ಕೆಲವೊಮ್ಮೆ ಅದು ಪೂರ್ತಿ ತೆರೆದಿರುತ್ತದೆ, ಕೆಲವೊಮ್ಮೆ ಅರ್ಧ ಮುಚ್ಚಿರುತ್ತದೆ. ಪೆಟ್ಟಾದ ಜಾಗದ ಸುತ್ತ ಅಮ್ಮ ಉಜ್ಜಿದರೆ ಹಾಯೆನಿಸುವುದು ಅದಕ್ಕೇ. ಉಜ್ಜಿದ ಸುದ್ದಿ ಗೇಟಿಗೆ ಬಂದು ನೋವಿನ ಸುದ್ದಿಗೆ ಅಡ್ಡ ನಿಲ್ಲುತ್ತದೆ. ಮೇಲಿನಿಂದ ಮಿದುಳು ಕೂಡ ಆ ಗೇಟಿಗೆ ಅಪ್ಪಣೆ ಕಳಿಸುತ್ತದೆ. ಮನಸ್ಸು ಹೆದರಿದ್ದರೆ ಗೇಟು ಅಗಲವಾಗುತ್ತದೆ. ಮನಸ್ಸು ಬೇರೆ ಕೆಲಸದಲ್ಲಿ ಮುಳುಗಿದ್ದರೆ ಕಿರಿದಾಗುತ್ತದೆ. ಈ ವಿವರಣೆಗೆ ಆಮೇಲೆ ಎಷ್ಟೋ ತಿದ್ದುಪಡಿಗಳು ಬಂದಿವೆ. ಆದರೂ ಅದರ ಮುಖ್ಯ ಮಾತು ಇಂದಿಗೂ ಉಳಿದಿದೆ.

ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ನನ್ನ ಸುಳ್ಳು ಮೊಮ್ಮಗನ ಗೇಟನ್ನು ಪೂರ್ತಿ ತೆರೆದಿಟ್ಟಿತ್ತು. ಇನ್ನು ಯಾರ ಮಾತನ್ನು ನಂಬಬೇಕು ಎಂದು ಗೊತ್ತಿಲ್ಲದ ಮಗು ಎಲ್ಲಕ್ಕೂ ಹೆದರುತ್ತದೆ.

ಪೆಟ್ಟಿಗೆಯೊಳಗೆ ಲೋಕ ಹೇಗೆ ಬಂತು?

ಒಂದು ಬೆರಳನ್ನು ಮೂಗಿನ ಎದುರು ಹಿಡಿಯಿರಿ. ಎಡಗಣ್ಣು ಮುಚ್ಚಿ ನೋಡಿ, ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಅತ್ತಿಂದಿತ್ತ ಜಿಗಿಯಿತಲ್ಲವೇ? ಎರಡು ಕಣ್ಣು ನೋಡುವ ಚಿತ್ರ ಒಂದೇ ಅಲ್ಲ, ತುಸು ಬೇರೆ. ಮಿದುಳು ಎರಡನ್ನೂ ಸೇರಿಸಿ, ಯಾವುದು ಹತ್ತಿರ, ಯಾವುದು ದೂರ ಎಂದು ತಿಳಿದುಕೊಳ್ಳುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿಯೇ ಇದನ್ನು ವಿವರಿಸಿ, ಎರಡು ಚಿತ್ರಗಳನ್ನು ಒಂದಾಗಿ ತೋರಿಸುವ ‘ಸ್ಟೀರಿಯೊಸ್ಕೋಪ್’ ಎಂಬ ಸಾಧನ ಮಾಡಿದ್ದ. ಚಿತ್ರಗಳ ಬಿಲ್ಲೆ ಹಾಕಿ ಟಿಕ್ ಟಿಕ್ ಎಂದು ಒತ್ತುತ್ತಾ ನೋಡುವ ವ್ಯೂಮಾಸ್ಟರ್ ಎಂಬ ಆಟಿಕೆ ಅಜ್ಜ ಅಜ್ಜಿಯರಿಗೆ ನೆನಪಿರಬಹುದು. ಅದೂ ಇದೇ ಉಪಾಯ. 1939ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು.

ಇಂದಿನ ಕನ್ನಡಕದಲ್ಲಿ ಹೊಸತೆಂದರೆ ತಲೆಯ ಚಲನೆಯನ್ನು ಅಳೆಯುವ ಪುಟ್ಟ ಸೆನ್ಸರ್‌ಗಳು. ಫೋನನ್ನು ಅಡ್ಡ ಮಾಡಿದರೆ ಚಿತ್ರವೂ ಅಡ್ಡವಾಗುತ್ತದಲ್ಲ, ಅಂಥವೇ. ನೀವು ತಲೆ ತಿರುಗಿಸಿದ ಕೂಡಲೇ ಒಳಗಿನ ಲೋಕವೂ ತಿರುಗುತ್ತದೆ. ಆಗ ಮಿದುಳು “ನಾನು ಇಲ್ಲಿಯೇ ಇದ್ದೇನೆ” ಎಂದು ನಂಬುತ್ತದೆ.

ಒಳ್ಳೆಯ ವಿಆರ್ ಕನ್ನಡಕಕ್ಕೆ ಸಾವಿರಾರು ರೂಪಾಯಿ ಬೇಕು. ಆದರೆ ಗೂಗಲ್ ಕಂಪನಿ 2014ರಲ್ಲಿ ರಟ್ಟಿನ ಪೆಟ್ಟಿಗೆ ಮತ್ತು ಎರಡು ಮಸೂರಗಳಿಂದ ಮಾಡುವ ಅಗ್ಗದ ಮಾದರಿಯೊಂದನ್ನು ತೋರಿಸಿತು. ಒಳಗೆ ಫೋನ್ ಇಟ್ಟರೆ ಆಯಿತು. ನಮ್ಮ ಎದುರು ಮನೆಯ ಕಾಲೇಜು ಹುಡುಗನ ಹತ್ತಿರ ಅಂಥ ಒಂದು ಪೆಟ್ಟಿಗೆ ಧೂಳು ತಿನ್ನುತ್ತಾ ಬಿದ್ದಿತ್ತು. ಕೇಳಿ ತಂದೆ.

ಕಾರವಾರದಲ್ಲಿ ಮೂರನೇ ಸಲ

ಮೂರನೇ ಡ್ರೆಸ್ಸಿಂಗ್ ಹೊತ್ತಿಗೆ ಮಗಳು ಅವನನ್ನು ಕಾರವಾರಕ್ಕೆ ಕರೆದುಕೊಂಡು ಹೋಗಿದ್ದಳು. ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು ನಾನೂ ಬಸ್ಸು ಹತ್ತಿದೆ. ಹೋದವನು ಮೊದಲು ಮಾಡಿದ್ದು, ಮೊಮ್ಮಗನ ಎದುರು ಕೂತು ಕ್ಷಮೆ ಕೇಳಿದ್ದು.

“ನಾನು ಅವತ್ತು ಸುಳ್ಳು ಹೇಳ್ದೆ ತಮಾ. ಇವತ್ತು ಖರೆ ಹೇಳ್ತೆ. ಪಟ್ಟಿ ಬಿಡಿಸೂವಾಗ ನೋವಾಗ್ತದೆ. ಎಣಿಸಿದ್ರೆ ಐದಾರು ನಿಮಿಷ. ಅಷ್ಟೊತ್ತಿಗೆ ನೀನು ಎಲ್ಲಿಗಾದ್ರೂ ಹೋಗಿ ಬರೂಕೆ ಅಡ್ಡಿಲ್ಲ.”

“ಎಲ್ಲಿಗೆ?” ಎಂದ. ಎರಡನೇ ಡ್ರೆಸ್ಸಿಂಗ್ ಆದಮೇಲೆ ನನ್ನ ಹತ್ತಿರ ಅವನು ಆಡಿದ ಮೊದಲ ಮಾತು ಅದು.

ಪೆಟ್ಟಿಗೆ ಕೊಟ್ಟೆ. ಸಮುದ್ರದೊಳಗೆ ತೆಗೆದ, ಸುತ್ತಲೂ ತಿರುಗಿ ನೋಡಬಹುದಾದ ವಿಡಿಯೊ ಒಂದನ್ನು ಮೊದಲೇ ಫೋನಿಗೆ ಇಳಿಸಿಟ್ಟಿದ್ದೆ. ದವಾಖಾನೆಯ ದಪ್ಪ ಗೋಡೆಗಳ ನಡುವೆ ನೆಟ್‌ವರ್ಕ್ ನಂಬುವ ಹಾಗಿಲ್ಲ. ಮನೆಯಲ್ಲೇ ಒಮ್ಮೆ ನೋಡಿ ಅಭ್ಯಾಸ ಮಾಡಿಕೊಂಡ. ತಲೆ ಸುತ್ತುವುದಿಲ್ಲ ಎಂದು ಖಾತ್ರಿಯಾಯಿತು. ವೈದ್ಯರನ್ನು ಕೇಳಿದೆವು. “ನೋಡಲಿ, ಆದರೆ ನೋವಿನ ಔಷಧ ಅರ್ಧ ತಾಸು ಮೊದಲು ಕೊಟ್ಟೇ ಕರೆತನ್ನಿ” ಎಂದರು. ಸಿಸ್ಟರ್ ಇನ್ನೊಂದು ಮಾತು ಸೇರಿಸಿದರು: “ತಡಕೊಳ್ಳಲಿಕ್ಕೆ ಆಗದಿದ್ದರೆ ಬಲಗಾಲಿನ ಹೆಬ್ಬೆರಳು ಎತ್ತು. ನಾನು ಐದು ಎಣಿಸುವ ತನಕ ನಿಲ್ಲಿಸ್ತೇನೆ.”

ಬಲಗೈಯಲ್ಲಿ ಪೆಟ್ಟಿಗೆ ಹಿಡಿದುಕೊಂಡು ಕೂತ. ನಾನು ಅವನ ಬೆನ್ನಿಗೆ ಕೈ ಕೊಟ್ಟು ಕೇಳುತ್ತಾ ಹೋದೆ. ಎಷ್ಟು ಮೀನು? ಹಳದಿಯದೋ, ಪಟ್ಟೆಯದೋ? ಮೇಲೆ ನೋಡು, ದೋಣಿಯ ಅಡಿ ಕಾಣ್ತದಾ? “ಅಜ್ಜ, ಆಮೆ! ನನ್ನ ಕಡೆಗೇ ಬರ್ತಾ ಉಂಟು!” ಎಂದು ಕೂಗಿದ. ಸಿಸ್ಟರ್ ಅಷ್ಟರಲ್ಲಿ ಅರ್ಧ ಪಟ್ಟಿ ಬಿಡಿಸಿಯಾಗಿತ್ತು.

ನೋವೇ ಆಗಲಿಲ್ಲ ಎಂದು ಬರೆದರೆ ನಾನು ಎರಡನೇ ಸಲ ಸುಳ್ಳು ಹೇಳಿದ ಹಾಗೆ. ಅಂಟಿದ ಕಡೆ ಎಳೆದಾಗ ಅತ್ತ. ಎರಡು ಸಲ ಹೆಬ್ಬೆರಳು ಎತ್ತಿದ. ಎರಡು ಸಲವೂ ಸಿಸ್ಟರ್ ಮಾತು ಉಳಿಸಿಕೊಂಡರು. ಆದರೆ ಯಾರೂ ಅವನನ್ನು ಒತ್ತಿ ಹಿಡಿಯಬೇಕಾಗಲಿಲ್ಲ. ಹೊಸ ಪಟ್ಟಿ ಕಟ್ಟಿದ ಮೇಲೆ ಪೆಟ್ಟಿಗೆ ಕೆಳಗಿಟ್ಟು ಕೇಳಿದ: “ಮುಗೀತಾ?”

ಚಾರ್ಜ್ ಮುಗಿದ ದಿನ

ಐದನೇ ಡ್ರೆಸ್ಸಿಂಗ್ ದಿನ ಸರದಿ ಉದ್ದ ಇತ್ತು. ಕಾಯುತ್ತಾ ಅವನು ಅದೇ ಫೋನಿನಲ್ಲಿ ಆಟ ಆಡಿದ್ದ. ಒಳಗೆ ಹೋಗಿ ಕೂರುವಷ್ಟರಲ್ಲಿ ಫೋನ್ ಬಂದ್. ಅವನ ತುಟಿ ನಡುಗತೊಡಗಿತು. ನನ್ನ ಎದೆಯೂ.

ಏನೂ ತೋಚದೆ ಕೇಳಿದೆ: “ಕ್ಯಾಪ್ಟನ್, ಹಡಗು ಹೊರಡೂಕೆ ತಯಾರಿದೆ. ಯಾವ ಕಡೆಗೆ?”

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ‘ಚಪಲ್’ ಯುದ್ಧನೌಕೆಯನ್ನು ವಸ್ತುಸಂಗ್ರಹಾಲಯ ಮಾಡಿ ನಿಲ್ಲಿಸಿದ್ದಾರೆ. ಅವನು ಎಷ್ಟೋ ಸಲ ಅದರ ಒಳಗೆ ಓಡಾಡಿದವ. ಕಣ್ಣು ಮುಚ್ಚಿ ಸ್ವಲ್ಪ ಯೋಚಿಸಿ, “ಕೂರ್ಮಗಡ” ಎಂದ. ದೋಣಿಯಲ್ಲಿ ನರಸಿಂಹ ಜಾತ್ರೆಗೆ ಹೋದದ್ದು ನೆನಪಿರಬೇಕು. ಚಪಲ್ ನೌಕೆ ಮರಳಿನಿಂದ ಇಳಿದು ನೀರಿಗೆ ಬಂತು. ಎಡಕ್ಕೋ ಬಲಕ್ಕೋ ಎಂದು ನಾನು ಕೇಳಬೇಕು, ಅವನು ಅಪ್ಪಣೆ ಕೊಡಬೇಕು. ಗಾಳಿ ಬಂದಾಗ ಉದ್ದಕ್ಕೆ ಉಸಿರು ಬಿಟ್ಟು ಗಾಳಿಯನ್ನು ತಿರುಗಿಸಬೇಕು. ಪಟ್ಟಿ ಎಳೆದಾಗ “ದೊಡ್ಡ ಅಲೆ!” ಎಂದು ಅವನೇ ಕೂಗಿದ. ಸಿಸ್ಟರ್ ಕೂಡ “ಇನ್ನು ಎರಡೇ ಅಲೆ, ಕ್ಯಾಪ್ಟನ್” ಎಂದರು. ಕೂರ್ಮಗಡ ಮುಟ್ಟುವಷ್ಟರಲ್ಲಿ ಪಟ್ಟಿ ಕಟ್ಟಿಯಾಗಿತ್ತು. ಆ ದಿನ ಹೆಬ್ಬೆರಳು ಎತ್ತಿದ್ದು ಒಂದೇ ಸಲ.

ಮಗುವನ್ನು ನೋವಿನಿಂದ ಆಚೆ ಒಯ್ಯುವ ಬಲ ಪೆಟ್ಟಿಗೆಯಲ್ಲಿ ಮಾತ್ರ ಇಲ್ಲ ಎಂದು ನನಗೆ ತಿಳಿದದ್ದು ಅವತ್ತು. ಮಗುವಿಗೆ ಹೋಗಲು ಒಂದು ಜಾಗ ಬೇಕು, ಮಾಡಲು ಒಂದು ಕೆಲಸ ಬೇಕು, ಜೊತೆಗೆ ಸುಳ್ಳು ಹೇಳದ ಒಬ್ಬರು ಬೇಕು. ಕನ್ನಡಕ ಮೊದಲಿನ ಎರಡನ್ನು ಚೆನ್ನಾಗಿ ಕೊಡುತ್ತದೆ. ಮೂರನೆಯದು ಮನೆಯವರ ಕೈಯಲ್ಲಿದೆ.

ಆಮೇಲೆ ತಿಳಿಯಿತು, ಹಡಗಿನ ಉಪಾಯವೂ ನನ್ನದೇ ಹೊಸತಲ್ಲ. ಎಂಆರ್‌ಐ ಯಂತ್ರಗಳನ್ನು ವಿನ್ಯಾಸ ಮಾಡುವ ಡಗ್ ಡೀಟ್ಸ್ ಎಂಬವರು ತಮ್ಮ ಯಂತ್ರವನ್ನು ನೋಡಲು ಆಸ್ಪತ್ರೆಗೆ ಹೋದಾಗ, ಒಬ್ಬ ಪುಟ್ಟ ಹುಡುಗಿ ಅದನ್ನು ಕಂಡು ಹೆದರಿ ಅಳುತ್ತಿದ್ದಳಂತೆ. ದೊಡ್ಡ ಶಬ್ದ ಮಾಡುವ ಆ ಸುರಂಗದಲ್ಲಿ ಅಲುಗಾಡದೆ ಮಲಗಬೇಕು. ಹೆದರಿದ ಮಕ್ಕಳಿಗೆ ಮಂಪರು ಬರಿಸುವ ಔಷಧ ಕೊಡಬೇಕಾಗುತ್ತಿತ್ತು. ಡೀಟ್ಸ್ ಯಂತ್ರದ ಒಳಗನ್ನು ಬದಲಿಸಲಿಲ್ಲ. ಕೋಣೆಗೆ ಬಣ್ಣ ಬಳಿದು ಅದನ್ನು ಕಡಲ್ಗಳ್ಳರ ಹಡಗು ಮಾಡಿದರು, ಕತೆ ಸೇರಿಸಿದರು. ಅಮೆರಿಕದ ಪಿಟ್ಸ್‌ಬರ್ಗ್‌ನ ಮಕ್ಕಳ ಆಸ್ಪತ್ರೆಯಲ್ಲಿ ಇಂಥ ಕೋಣೆಗಳು ಬಂದ ಮೇಲೆ ಮಂಪರಿನ ಔಷಧ ಬೇಕಾಗುವ ಮಕ್ಕಳ ಸಂಖ್ಯೆ ಬಹಳ ಇಳಿಯಿತು.

ನಮ್ಮ ಜಿಲ್ಲೆಯವರು ದೊಡ್ಡ ಚಿಕಿತ್ಸೆಗೆ ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ತಾಸುಗಟ್ಟಲೆ ಪ್ರಯಾಣ ಮಾಡುವವರು. ಆ ದಾರಿಯುದ್ದಕ್ಕೂ ಮಗುವಿನ ಜೊತೆ ಕೂತಿರುವ ಹೆದರಿಕೆಗೆ ಯಾರೂ ಚೀಟಿ ಬರೆಯುವುದಿಲ್ಲ. ಕಾರವಾರದಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅಲ್ಲಿ ಕಲಿಯುವ ಹುಡುಗ ಹುಡುಗಿಯರು ನಾಳೆ ಮಕ್ಕಳ ವಾರ್ಡಿನ ಒಂದು ಗೋಡೆಗೆ ಕಡಲು ಬರೆಸಿದರೂ ಸಾಕು ಎಂದು ನನ್ನ ಆಸೆ.

ಕನ್ನಡಕ ಹಾಕುವ ಮೊದಲು

ವಿಆರ್ ಎಲ್ಲರಿಗೂ ಒಗ್ಗುವುದಿಲ್ಲ. ಕೆಲವರಿಗೆ ವಾಕರಿಕೆ, ತಲೆಸುತ್ತು ಬರುತ್ತದೆ. ಅಪಸ್ಮಾರ, ಅಂದರೆ ಫಿಟ್ಸ್ ಇರುವ ಮಕ್ಕಳಿಗೆ ವೈದ್ಯರನ್ನು ಕೇಳದೆ ಹಾಕಬಾರದು. ಮುಖಕ್ಕೆ ಗಾಯ ಇದ್ದರೆ, ಕಣ್ಣು ಕೆಂಪಾಗಿದ್ದರೆ ಬೇಡ. ತೀರ ಚಿಕ್ಕ ಮಕ್ಕಳಿಗೆ ಅಲ್ಲ. ತಯಾರಕರೇ ವಯಸ್ಸಿನ ಮಿತಿ ಬರೆದಿರುತ್ತಾರೆ, ಅದನ್ನು ಓದಿ. ಒಬ್ಬರು ಬಳಸಿದ್ದನ್ನು ಒರೆಸಿ ಶುಚಿ ಮಾಡದೆ ಇನ್ನೊಬ್ಬರಿಗೆ ಕೊಡಬೇಡಿ. ಮುಖ್ಯವಾಗಿ, ಇದು ಔಷಧದ ಜೊತೆಗಾರ. ಔಷಧದ ಬದಲಿ ಅಲ್ಲ.

ಅಜ್ಜ ಅಜ್ಜಿಯರಿಗೆ

• “ನೋವಾಗುವುದಿಲ್ಲ” ಎನ್ನಬೇಡಿ. ಏನಾಗುತ್ತದೆ, ಎಷ್ಟು ಹೊತ್ತು ಎಂದು ಇದ್ದ ಹಾಗೆ ಹೇಳಿ.
• “ಹಟ ಮಾಡಿದರೆ ಡಾಕ್ಟರ್ ಇಂಜೆಕ್ಷನ್ ಕೊಡ್ತಾರೆ” ಎಂದು ಊಟದ ಹೊತ್ತಿಗೆ ಹೆದರಿಸಬೇಡಿ. ಆ ಬೀಜ ದವಾಖಾನೆಯಲ್ಲಿ ಮೊಳೆಯುತ್ತದೆ.
• ಲಸಿಕೆ ಹಾಕುವಾಗ ಮಗುವನ್ನು ಮಲಗಿಸಿ ಒತ್ತುವುದಕ್ಕಿಂತ ತೊಡೆಯ ಮೇಲೆ ನೆಟ್ಟಗೆ ಕೂರಿಸಿ ಅಪ್ಪಿಕೊಳ್ಳುವುದು ಒಳ್ಳೆಯದು. ಎಳೆಗೂಸಿಗೆ ಆ ಹೊತ್ತಿಗೆ ತಾಯಿ ಹಾಲೂಡಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಗಳಲ್ಲಿ ಇವೂ ಇವೆ.
• ನಿಮ್ಮ ಹತ್ತಿರ ಇರುವ ಕತೆಗಳನ್ನು ಹೇಳಿ. ಆದರೆ ಕತೆಯ ನಡುವೆ ಮಗುವನ್ನು ಕೇಳುತ್ತಾ ಇರಿ. ಮುಂದೆ ಎಲ್ಲಿಗೆ ಎಂಬುದನ್ನು ಮಗುವೇ ಹೇಳಲಿ.

ಮಕ್ಕಳಿಗೆ

• ಹೆದರಿಕೆ ಆಗುತ್ತಿದೆ ಎಂದು ಹೇಳುವುದು ನಾಚಿಕೆಯಲ್ಲ.
• ಮೇಣದಬತ್ತಿ ಆರಿಸುವ ಹಾಗೆ ಉದ್ದಕ್ಕೆ ಉಸಿರು ಬಿಡಿ. ಕಾಗದದ ಗಿರಗಿಟ್ಟಲೆ ಇದ್ದರೆ ಅದನ್ನು ಊದಿ ತಿರುಗಿಸಿ.
• “ನಿಲ್ಲಿಸಿ” ಎನ್ನಲು ಒಂದು ಗುರುತನ್ನು ಡಾಕ್ಟರ್ ಅಥವಾ ಸಿಸ್ಟರ್ ಜೊತೆ ಮೊದಲೇ ಮಾಡಿಕೊಳ್ಳಿ.
• ಹೋಗಬೇಕಾದ ಊರನ್ನು ಮನೆಯಿಂದ ಹೊರಡುವಾಗಲೇ ಆರಿಸಿಟ್ಟುಕೊಳ್ಳಿ.

ಮೊಮ್ಮಗನ ಕೈಯಲ್ಲಿ ಈಗ ಮಾವಿನೆಲೆಯಷ್ಟು ಒಂದು ತೆಳು ಕಲೆ ಮಾತ್ರ ಇದೆ. ಶಾಲೆಯಲ್ಲಿ ಯಾರಾದರೂ ಕೇಳಿದರೆ “ಕೂರ್ಮಗಡಕ್ಕೆ ಹೋಗೂವಾಗ ಆದದ್ದು” ಎನ್ನುತ್ತಾನಂತೆ. ಮೊನ್ನೆ ನನಗೆ ರಕ್ತಪರೀಕ್ಷೆ ಇತ್ತು. ತೋಳು ಚಾಚಿ ಕೂತೆ. ಪಕ್ಕದಲ್ಲಿ ನಿಂತವನು ನನ್ನ ಬೆನ್ನಿಗೆ ಕೈ ಕೊಟ್ಟು ಹೇಳಿದ:

“ಸ್ವಲ್ಪ ನೋವಾಗ್ತದೆ ಅಜ್ಜ. ಸುಳ್ಳು ಹೇಳೂದಿಲ್ಲ. ಎಲ್ಲಿಗೆ ಹೋಗ್ವಾ, ಹೇಳು.”